ಕಂಡುವಾ ಬದಲಿಸಿದವರು ಮತ್ತೆ ಓಟು ಕೇಳಲಿ

2024ರ ಮಳೆಗಾಲದಲ್ಲಿ ತೆಲಂಗಾಣದ ಗದ್ವಾಲದ ಹತ್ತಿರದ ಒಂದು ಹಳ್ಳಿಗೆ, ಬೀಗರ ಮನೆಗೆ ಹೋಗಿದ್ದೆ. ದನದ ಕೊಟ್ಟಿಗೆ ಸೋರುತ್ತದೆಂದು ಅದರ ಮೇಲೆ ಹಳೆ ಫ್ಲೆಕ್ಸಿಯೊಂದನ್ನು ಹೊದಿಸಿ ನಾಲ್ಕೂ ಮೂಲೆಗೆ ಕಲ್ಲು ಹೇರಿದ್ದರು. ಗುಲಾಬಿ ಬಣ್ಣ ಬಿಸಿಲಿಗೆ ಮಾಸಿತ್ತು. ಒಂದು ಮೂಲೆಗೆ ಕಾರಿನ ಗುರುತು, ನಡುವೆ ಕೈಮುಗಿದು ನಿಂತ ಶಾಸಕರು. ಏಳೆಂಟು ತಿಂಗಳ ಹಿಂದಿನ ಚುನಾವಣೆಗೆ ಊರ ಮುಂದೆ ಕಟ್ಟಿದ್ದು ಅದು. ಆ ಜುಲೈ ಮೊದಲ ವಾರದಲ್ಲೇ ಅದೇ ಶಾಸಕರು, ಬಿಆರ್‌ಎಸ್‌ನಿಂದ ಗೆದ್ದ ಬಂಡ್ಲ ಕೃಷ್ಣಮೋಹನ್ ರೆಡ್ಡಿಯವರು, ಹೈದರಾಬಾದಿನಲ್ಲಿ ಮುಖ್ಯಮಂತ್ರಿ ರೇವಂತ್ ರೆಡ್ಡಿಯವರ ಮುಂದೆ ಕಾಂಗ್ರೆಸ್ಸಿನ ಕಂಡುವಾ, ಅಂದರೆ ಪಕ್ಷದ ಶಲ್ಯ, ಹಾಕಿಸಿಕೊಂಡಿದ್ದರು.

ನಾನು ಫ್ಲೆಕ್ಸಿಯನ್ನು ನೋಡುತ್ತಿದ್ದುದನ್ನು ಕಂಡು ಬೀಗರೇ ಮಾತು ತೆಗೆದರು. "ಏನ್ ಮಾಡ್ತೀರಿ ಬೀಗರೆ, ಅಧಿಕಾರ ಇದ್ದ ಕಡಿ ಇದ್ರ ನಮ್ಮ ಕೆಲಸ ಆಗ್ತಾವ. ಯಾವ ಪಾರ್ಟಿ ಆದ್ರ ಏನ್, ನಮ್ಮೂರು ಉದ್ಧಾರ ಆದ್ರ ಸಾಕು."

ಈ ಮಾತು ಅವರೊಬ್ಬರದಲ್ಲ. ನಾರಾಯಣಪೇಟೆ, ಮಕ್ತಲ್, ಗದ್ವಾಲ ಮೂರೂ ಕಡೆ, ಚಹಾದ ಅಂಗಡಿಯಿಂದ ವಕೀಲರ ಕೋಣೆಯವರೆಗೆ, ಹತ್ತು ವರ್ಷಗಳಿಂದ ಇದನ್ನೇ ಕೇಳುತ್ತಿದ್ದೇನೆ. ಶಾಸಕರು ಪಕ್ಷ ಬಿಟ್ಟದ್ದು ಕ್ಷೇತ್ರದ ಅಭಿವೃದ್ಧಿಗಾಗಿ. ನಾವು ಓಟು ಹಾಕಿದ್ದು ಮನುಷ್ಯನಿಗೆ, ಗುರುತಿಗಲ್ಲ. ಮತ್ತೊಂದು ಚುನಾವಣೆ ಎಂದರೆ ಸುಮ್ಮನೆ ಖರ್ಚು. ಒಳ್ಳೆಯವರು, ಓದಿದವರು, ಪ್ರಾಮಾಣಿಕರು ಹೀಗೆ ಹೇಳುತ್ತಾರೆ. ಅದಕ್ಕೇ ಇದನ್ನು ಸುಮ್ಮನೆ ಬಿಡಬಾರದು. ಈ ಮಾತು ಪೂರ್ತಿ ತಪ್ಪು. ಒಂದು ಪಕ್ಷದ ಗುರುತಿನ ಮೇಲೆ ಗೆದ್ದು ಇನ್ನೊಂದು ಪಕ್ಷಕ್ಕೆ ಹೋದವರ ಸ್ಥಾನ ಹೋದ ದಿನವೇ ಖಾಲಿಯಾಗಬೇಕು, ಅವರು ಅದೇ ಜನರ ಮುಂದೆ ಹೊಸ ಗುರುತು ಹಿಡಿದು ಮತ್ತೆ ನಿಲ್ಲಬೇಕು.

ಅಭಿವೃದ್ಧಿಯ ಮಾತನ್ನು ಪರೀಕ್ಷಿಸಲು ನಮ್ಮ ಮೂರು ಊರುಗಳೇ ಸಾಕು. 2014ರಲ್ಲಿ ನಾರಾಯಣಪೇಟೆಯಿಂದ ಗೆದ್ದವರು ತೆಲುಗುದೇಶಂನ ಎಸ್. ರಾಜೇಂದರ್ ರೆಡ್ಡಿ. ಮಕ್ತಲ್‌ನಿಂದ ಕಾಂಗ್ರೆಸ್ಸಿನ ಚಿಟ್ಟೆಂ ರಾಮಮೋಹನ್ ರೆಡ್ಡಿ. ಗದ್ವಾಲದಿಂದ ಅವರ ಅಕ್ಕ, ಕಾಂಗ್ರೆಸ್ಸಿನ ಡಿ.ಕೆ. ಅರುಣಾ. 2016ರಲ್ಲಿ ರಾಜೇಂದರ್ ರೆಡ್ಡಿಯವರು ಆಗ ಆಳುತ್ತಿದ್ದ ಟಿಆರ್‌ಎಸ್ (ಇಂದಿನ ಬಿಆರ್‌ಎಸ್) ಸೇರಿದರು. ಅದೇ ವರ್ಷ ರಾಮಮೋಹನ್ ರೆಡ್ಡಿಯವರೂ ಸೇರಿದರು. ಇಬ್ಬರೂ ಕ್ಷೇತ್ರದ ಒಳಿತಿಗೆ ಎಂದರು. ಅರುಣಾ ಅವರು ವಿರೋಧ ಪಕ್ಷದಲ್ಲೇ ಉಳಿದರು.

ಅದೇ 2016 ಹೊಸ ಜಿಲ್ಲೆಗಳ ವರ್ಷ. ಗದ್ವಾಲ ಜಿಲ್ಲೆಯಾಗಬೇಕೆಂದು ಊರಿಗೆ ಊರೇ ಬೀದಿಗಿಳಿಯಿತು, ವಿರೋಧ ಪಕ್ಷದ ಶಾಸಕಿ ಮುಂದೆ ನಿಂತು ಹೋರಾಡಿದರು. ಅಕ್ಟೋಬರ್ 11ರಂದು ಜೋಗುಳಾಂಬ ಗದ್ವಾಲ ಜಿಲ್ಲೆ ಹುಟ್ಟಿತು. ನಾರಾಯಣಪೇಟೆಯ ಜನರೂ ಜಿಲ್ಲೆ ಕೇಳಿದ್ದರು. ಅವರ ಶಾಸಕರು ಆಗಲೇ ಆಳುವ ಪಕ್ಷದಲ್ಲಿದ್ದರು. ಆದರೂ ನಾರಾಯಣಪೇಟೆ ಜಿಲ್ಲೆಯಾದದ್ದು 2019ರ ಫೆಬ್ರವರಿ 17ರಂದು, ಇನ್ನೊಂದು ವಿಧಾನಸಭಾ ಚುನಾವಣೆ ಕಳೆದ ಮೇಲೆ. ಪಕ್ಷ ಬಿಟ್ಟರೆ ಕೆಲಸ ಆಗುತ್ತದೆ ಎಂಬುದು ನಿಜವಾಗಿದ್ದರೆ ಮೊದಲು ಜಿಲ್ಲೆಯಾಗಬೇಕಾದದ್ದು ಯಾವುದು?

ಇನ್ನು ನೀರು. ನಮ್ಮ ಕಡೆ ಜಿಒ 69 ಎಂದರೆ ಮಕ್ಕಳಿಗೂ ಗೊತ್ತು. 2014ರ ಮೇ ತಿಂಗಳಲ್ಲಿ, ರಾಜ್ಯ ಒಡೆಯುವ ಮುನ್ನ ಹೊರಬಿದ್ದ ಆದೇಶ ಅದು. ಜುರಾಲಾ ಹಿನ್ನೀರಿನಿಂದ ನೀರೆತ್ತಿ ನಾರಾಯಣಪೇಟೆ, ಮಕ್ತಲ್, ಕೊಡಂಗಲ್ ಕಡೆಯ ಒಣ ಹೊಲಗಳಿಗೆ ಹರಿಸುವ ಯೋಜನೆ. ಆ ಆದೇಶ ಜಾರಿಯಾಗಲಿ ಎಂದು ರೈತರು ವರ್ಷಗಟ್ಟಲೆ ಧರಣಿ ಕೂತರು, ಪಾದಯಾತ್ರೆ ಮಾಡಿದರು. 2016ರಿಂದ 2023ರವರೆಗೆ ಮಕ್ತಲ್, ನಾರಾಯಣಪೇಟೆ ಎರಡರ ಶಾಸಕರೂ ಆಳುವ ಪಕ್ಷದಲ್ಲೇ ಇದ್ದರು. ಯೋಜನೆ ಕಡತದಿಂದ ಏಳಲಿಲ್ಲ. 2023ರಲ್ಲಿ ಜನ ಇಬ್ಬರನ್ನೂ ಸೋಲಿಸಿ ಸರ್ಕಾರವನ್ನೇ ಬದಲಿಸಿದ ಮೇಲೆ, 2024ರ ಫೆಬ್ರವರಿಯಲ್ಲಿ, ನಾರಾಯಣಪೇಟೆ–ಕೊಡಂಗಲ್ ಏತ ನೀರಾವರಿಗೆ ಅಡಿಗಲ್ಲು ಬಿತ್ತು. ಮುಖ್ಯಮಂತ್ರಿಗಳೇ ಕೊಡಂಗಲ್ ಶಾಸಕರು, ಅದಕ್ಕೆ ಬಿತ್ತು ಎನ್ನುವವರಿದ್ದಾರೆ. ಇರಬಹುದು. ಹಾಗಿದ್ದರೂ ಕಡತವನ್ನು ಎಬ್ಬಿಸಿದ್ದು ಮತಗಟ್ಟೆಯ ಮುಂದಿನ ಸಾಲು. ಯಾವ ಶಾಸಕರು ಹಾಕಿಸಿಕೊಂಡ ಕಂಡುವಾವೂ ಅಲ್ಲ.

ಅಭಿವೃದ್ಧಿಯ ಮಾತಿನೊಳಗೆ ಇನ್ನೊಂದು ಒಪ್ಪಿಗೆ ಅಡಗಿದೆ. ವಿರೋಧ ಪಕ್ಷದ ಕ್ಷೇತ್ರಕ್ಕೆ ಸರ್ಕಾರ ಹಣ ಕೊಡುವುದಿಲ್ಲ, ಅದು ಸಹಜ, ಆದ್ದರಿಂದ ನಮ್ಮ ಶಾಸಕರು ಅತ್ತ ಹೋಗಲೇಬೇಕು ಎಂದು ನಾವೇ ಒಪ್ಪಿಕೊಂಡಂತಾಯಿತು. ಗದ್ವಾಲದ ಹತ್ತಿ ಬೀಜದ ರೈತ, ನಾರಾಯಣಪೇಟೆಯ ಸೀರೆ ನೇಯುವವನು, ಕೃಷ್ಣಾ ಸ್ಟೇಷನ್ನಿನ ಅಂಗಡಿಯವನು ಕಟ್ಟುವ ತೆರಿಗೆಗೆ ಪಕ್ಷ ಎಲ್ಲಿದೆ? ಓಟು ಬೇರೆಯವರಿಗೆ ಹಾಕಿದರು ಎಂದು ರಸ್ತೆ ತಡೆಹಿಡಿದರೆ ಅದು ಅನ್ಯಾಯ. ಅದರ ವಿರುದ್ಧ ಸಭೆಯಲ್ಲಿ ಎದ್ದು ನಿಂತು ಕೇಳಲಿ ಎಂದೇ ವಿರೋಧ ಪಕ್ಷದ ಶಾಸಕರನ್ನು ಕಳಿಸುತ್ತೇವೆ. ಕೇಳಬೇಕಾದವರೇ ಎದ್ದು ಹೋಗಿ ಆ ಕಡೆ ಕುಳಿತರೆ ಅನ್ಯಾಯಕ್ಕೆ ರಶೀದಿ ಕೊಟ್ಟಂತೆ.

2024ರಲ್ಲಿ ಗದ್ವಾಲದಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಿ. ಜುಲೈ ಮೊದಲ ವಾರ ಕೃಷ್ಣಮೋಹನ್ ರೆಡ್ಡಿಯವರು ಕಾಂಗ್ರೆಸ್ಸಿಗೆ ಹೋದರು. ಅದೇ ತಿಂಗಳ ಕೊನೆಗೆ ವಿಧಾನಸಭೆಯಲ್ಲಿ ಬಿಆರ್‌ಎಸ್ ನಾಯಕ ಕೆ.ಟಿ. ರಾಮರಾವ್ ಅವರನ್ನು ಭೇಟಿಯಾದರು, ಹಳೆ ಪಕ್ಷಕ್ಕೆ ಮರಳಿದರು ಎಂದು ಸುದ್ದಿಯಾಯಿತು. ಎರಡು ದಿನ ಕಳೆಯುವುದರೊಳಗೆ ಮಂತ್ರಿ ಜೂಪಲ್ಲಿ ಕೃಷ್ಣರಾವ್ ಈ ಶಾಸಕರ ಮನೆಗೆ ಹೋಗಿ ಮಾತಾಡಿದರು, ಮತ್ತೆ ಮುಖ್ಯಮಂತ್ರಿಗಳ ಭೇಟಿ ಆಯಿತು. ಈ ಅಷ್ಟೂ ದಿನಗಳಲ್ಲಿ ಗದ್ವಾಲದ ಸುಮಾರು ಎರಡೂವರೆ ಲಕ್ಷ ಮತದಾರರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮೋಸ ಹೋದವರು ಕಾರಿಗೆ ಓಟು ಹಾಕಿದವರು ಮಾತ್ರ ಎಂದುಕೊಂಡಿದ್ದೇವೆ. ಕೈಗೆ ಓಟು ಹಾಕಿದವರ ಗತಿ ನೋಡಿ. 2023ರಲ್ಲಿ ಕಾಂಗ್ರೆಸ್ಸಿನಿಂದ ನಿಂತಿದ್ದ ಸರಿತಾ ತಿರುಪತಯ್ಯ ಅವರಿಗೆ ಹಗಲಿರುಳು ದುಡಿದ ಕಾರ್ಯಕರ್ತರು, ತಾವು ಯಾರನ್ನು ಸೋಲಿಸಲು ಊರೂರು ತಿರುಗಿದ್ದರೋ ಅವರನ್ನೇ ತಮ್ಮ ನಾಯಕರೆಂದು ಸ್ವಾಗತಿಸಬೇಕಾಯಿತು. ಸರಿತಾ ಅವರ ಬೆಂಬಲಿಗರು ಬೀದಿಯಲ್ಲಿ ನಿಂತು ವಿರೋಧಿಸಿದ್ದು ಸುಮ್ಮನೆ ಅಲ್ಲ. ಒಬ್ಬರು ಪಕ್ಷ ಬದಲಿಸಿದರೆ ಎರಡು ಪಕ್ಷದ ಮತದಾರರೂ ತಬ್ಬಲಿಗಳಾಗುತ್ತಾರೆ.

ಮನುಷ್ಯನಿಗೆ ಓಟು ಹಾಕಿದ್ದು ಎಂಬ ಮಾತಿಗೆ ಬರುತ್ತೇನೆ. ನನ್ನ ಬೀಗರು ಕಂಪನಿಗೆ ಹೈಬ್ರಿಡ್ ಹತ್ತಿ ಬೀಜ ಬೆಳೆಯುವವರು. ಗದ್ವಾಲದ ಈ ನಡಿಗಡ್ಡೆ ಸೀಮೆಯಲ್ಲಿ ಹೆಚ್ಚಿನವರ ಬದುಕೇ ಅದು. ಆರ್ಗನೈಜರ್ ಕಂಪನಿಯ ಮೂಲ ಬೀಜ ತಂದುಕೊಡುತ್ತಾನೆ, ಗೊಬ್ಬರಕ್ಕೆ, ಕೂಲಿಗೆ ಮುಂಗಡ ಕೊಡುತ್ತಾನೆ. ಹೂ ಬಿಟ್ಟ ಮೇಲೆ ಕೂಲಿಯವರು ಬೆಳಗಿನ ತಂಪಿನಲ್ಲಿ ಒಂದೊಂದೇ ಹೂವಿಗೆ ಗಂಡು ಹೂವಿನ ಪರಾಗ ಮುಟ್ಟಿಸಬೇಕು. ಬೀಗರನ್ನು ಕೇಳಿದೆ: "ಒಂದು ಕಂಪನಿ ಬೀಜ ತಗೊಂಡು ಬೆಳದು, ಬೆಳಿ ಬಂದ ಮ್ಯಾಲ ರೇಟು ಹೆಚ್ಚದ ಅಂತ ಇನ್ನೊಂದು ಕಂಪನಿಗೆ ಹಾಕಿದ್ರ?" ಅವರು ನಕ್ಕರು. "ಹೆಂಗ ಬಿಡ್ತಾನ್ರಿ? ಆರ್ಗನೈಜರ್ ಬಂದು ಮನಿ ಮುಂದ ಕುಂಡ್ರತಾನ. ಬೇರೆ ಕಂಪನಿ ಮಾಡ್ಬಾರ್ದಂತ ಏನಿಲ್ಲ, ಹಿಂದಿನ ಲೆಕ್ಕ ಮುಗಿಸಿ ಮಾಡ್ಬೇಕು."

ನಾನು ಕೇಳುತ್ತಿರುವುದೂ ಇಷ್ಟೇ. ಪಕ್ಷ ಬಿಡಬಾರದು ಎಂದಲ್ಲ. ಡಿ.ಕೆ. ಅರುಣಾ ಅವರು 2019ರ ಮಾರ್ಚ್‌ನಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿದರು. ಆಗ ಅವರ ಕೈಯಲ್ಲಿ ಯಾವ ಸ್ಥಾನವೂ ಇರಲಿಲ್ಲ, 2018ರಲ್ಲಿ ಸೋತಿದ್ದರು. ಹೊಸ ಗುರುತು ಹಿಡಿದು ಮಹಬೂಬ್‌ನಗರ ಲೋಕಸಭೆಗೆ ನಿಂತರು, ಸೋತರು. 2024ರಲ್ಲಿ ಮತ್ತೆ ನಿಂತು 4,500 ಮತಗಳಿಂದ ಗೆದ್ದರು. ಅವರ ರಾಜಕೀಯ ಒಪ್ಪದಿರುವವರೂ ಅವರು ಯಾರ ಓಟನ್ನೂ ಹೊತ್ತುಕೊಂಡು ಹೋದರು ಎನ್ನಲಾರರು. ತಾನು ಹೋಗುವುದು ಮನುಷ್ಯನ ಹಕ್ಕು. ಸ್ಥಾನವನ್ನು ಎತ್ತಿಕೊಂಡು ಹೋಗುವ ಹಕ್ಕು ಯಾರಿಗೂ ಇಲ್ಲ.

ಗೆಲುವು ಮನುಷ್ಯನದೇ ಆಗಿದ್ದರೆ ಬಿ-ಫಾರಂಗಾಗಿ ಹೈದರಾಬಾದಿನಲ್ಲಿ ವಾರಗಟ್ಟಲೆ ಏಕೆ ಕಾಯುತ್ತಾರೆ? ಸ್ವತಂತ್ರರಾಗಿ ಏಕೆ ನಿಲ್ಲುವುದಿಲ್ಲ? ಓಟಿನ ಯಂತ್ರದ ಮುಂದೆ ನಿಂತ ಅಜ್ಜಿಗೆ ಹೆಸರು ಓದಲು ಬರುವುದಿಲ್ಲ. ಅವಳ ಬೆರಳು ಹುಡುಕುವುದು ಚಿತ್ರವನ್ನು.

"2018ರಲ್ಲಿ ನಾರಾಯಣಪೇಟೆ, ಮಕ್ತಲ್ ಜನ ಪಕ್ಷ ಬಿಟ್ಟ ಇಬ್ಬರನ್ನೂ ಮತ್ತೆ ಗೆಲ್ಲಿಸಿದರಲ್ಲ" ಎಂದು ಕೆಲವರು ಕೇಳುತ್ತಾರೆ. ಗೆಲ್ಲಿಸಿದರು, ನಿಜ. ಆದರೆ ಎರಡು ವರ್ಷ ಕಳೆದ ಮೇಲೆ. ಆ ವರ್ಷದ ಮೇ ತಿಂಗಳಲ್ಲಿ ರೈತಬಂಧು ಶುರುವಾಗಿ, ಎಕರೆಗೆ 4,000 ರೂಪಾಯಿಯ ಚೆಕ್ಕು ರೈತರ ಕೈಗೆ ಬಂದಿತ್ತು. ಜನ ಓಟು ಹಾಕಿದ್ದು ಆಗಿನ ಮುಖ್ಯಮಂತ್ರಿ ಕೆಸಿಆರ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ. ನಮ್ಮನ್ನು ಕೇಳದೆ ಹೋದದ್ದು ಸರಿಯೇ ಎಂಬ ಪ್ರಶ್ನೆಯನ್ನು ಅವರ ಮುಂದೆ ಯಾರೂ ಇಡಲೇ ಇಲ್ಲ. ಅದನ್ನು ಬಿಸಿಯಿರುವಾಗಲೇ ಕೇಳಬೇಕು. ಅದಕ್ಕೇ ಕೂಡಲೇ ಚುನಾವಣೆ ಎನ್ನುವುದು.

ಕಾನೂನು ಇದೆಯಲ್ಲ ಎಂದರೆ, ಇದೆ. 1985ರಲ್ಲಿ 52ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಸ್ವಇಚ್ಛೆಯಿಂದ ಪಕ್ಷ ಬಿಟ್ಟವರು ಅನರ್ಹ ಎಂದು ಅದು ಹೇಳುತ್ತದೆ. ಆದರೆ ತೀರ್ಪು ಕೊಡುವ ಕೆಲಸವನ್ನು ಸ್ಪೀಕರ್ ಕೈಗೆ ಒಪ್ಪಿಸಿದೆ, ಮೂರರಲ್ಲಿ ಎರಡು ಪಾಲು ಶಾಸಕರು ಒಟ್ಟಿಗೆ ಹೋದರೆ ವಿಲೀನ ಎಂದು ದಾರಿ ಬಿಟ್ಟಿದೆ. 2016ರಲ್ಲಿ ತೆಲುಗುದೇಶಂನ 15 ಶಾಸಕರಲ್ಲಿ 12 ಮಂದಿ ಟಿಆರ್‌ಎಸ್‌ನಲ್ಲಿ ವಿಲೀನ. ನಾರಾಯಣಪೇಟೆಯೂ ಆ ಲೆಕ್ಕದಲ್ಲಿ ಹೋಯಿತು. 2019ರ ಜೂನ್‌ನಲ್ಲಿ ಕಾಂಗ್ರೆಸ್ಸಿನ 18ರಲ್ಲಿ 12 ಮಂದಿ, ಸರಿಯಾಗಿ ಮೂರರಲ್ಲಿ ಎರಡು ಪಾಲು. ಒಬ್ಬ ಹೋದರೆ ತಪ್ಪು, ಹನ್ನೆರಡು ಮಂದಿ ಹೋದರೆ ಸರಿ ಎನ್ನುವ ಧರ್ಮ ಯಾವ ಊರಲ್ಲಿದೆ?

2019ಕ್ಕೂ ಮುಂಚೆಯೇ ಇಂಥ ಪಕ್ಷಾಂತರದ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದವರು ನಮ್ಮ ಪಕ್ಕದ ಆಲಂಪುರದ ಆಗಿನ ಕಾಂಗ್ರೆಸ್ ಶಾಸಕ ಎಸ್.ಎ. ಸಂಪತ್ ಕುಮಾರ್. ಎದುರಾಳಿ ಕಾಲೆ ಯಾದಯ್ಯ, ಕಾಂಗ್ರೆಸ್ಸಿನಿಂದ ಗೆದ್ದು ಟಿಆರ್‌ಎಸ್‌ಗೆ ಹೋದ ಚೇವೆಳ್ಳ ಶಾಸಕ. ಸ್ಪೀಕರ್ ಇಂತಿಷ್ಟು ದಿನದಲ್ಲಿ ತೀರ್ಮಾನಿಸಲಿ ಎಂದು ನ್ಯಾಯಾಲಯ ಹೇಳಬಹುದೇ ಎಂಬ ಪ್ರಶ್ನೆಯನ್ನು 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಸಂವಿಧಾನ ಪೀಠಕ್ಕೆ ಒಪ್ಪಿಸಿತು. 2018ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆಯೇ ವಿಸರ್ಜನೆಯಾಯಿತು. ಅದೇ ಕಾಲೆ ಯಾದಯ್ಯ 2024ರಲ್ಲಿ ಬಿಆರ್‌ಎಸ್‌ನಿಂದ ಕಾಂಗ್ರೆಸ್ಸಿಗೆ ಹೋದ ಹತ್ತು ಮಂದಿಯ ಪಟ್ಟಿಯಲ್ಲಿ ಮತ್ತೆ ಕಾಣಿಸಿಕೊಂಡರು. ಕಳ್ಳ ದಾರಿಯನ್ನು ಮುಚ್ಚದೆ ಬಿಟ್ಟರೆ ಆ ದಾರಿಯಲ್ಲಿ ಹೋಗುವುದೂ ಬರುವುದೂ ನಡೆಯುತ್ತದೆ.

ಆ ಹತ್ತು ಮಂದಿಯ ವಿಷಯವನ್ನು ಮೂರು ತಿಂಗಳೊಳಗೆ ತೀರ್ಮಾನಿಸಿ ಎಂದು 2025ರ ಜುಲೈ 31ರಂದು ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರಿದ್ದ ಪೀಠ ಸ್ಪೀಕರ್ ಗಡ್ಡಂ ಪ್ರಸಾದ್ ಕುಮಾರ್ ಅವರಿಗೆ ಹೇಳಿತು. ಡಿಸೆಂಬರ್‌ನಲ್ಲಿ ಐವರ ವಿರುದ್ಧದ ಅರ್ಜಿಗಳು ವಜಾ ಆದವು, ಪಕ್ಷ ಬಿಟ್ಟರೆಂಬುದಕ್ಕೆ ಪುರಾವೆ ಇಲ್ಲ ಎಂದು. ಆ ಐವರಲ್ಲಿ ಗದ್ವಾಲ ಶಾಸಕರೂ ಒಬ್ಬರು. ನಾಡೆಲ್ಲ ಟಿವಿಯಲ್ಲಿ ನೋಡಿದ್ದು ದಾಖಲೆಯಲ್ಲಿ ನಡೆದೇ ಇಲ್ಲ ಎಂದಾಯಿತು. ನನಗೆ ಸ್ಪೀಕರ್ ಅವರ ಮೇಲೆ ಸಿಟ್ಟಿಲ್ಲ. ಟಿಆರ್‌ಎಸ್ ಆಳಿಕೆಯ ಸ್ಪೀಕರ್ ಮಧುಸೂದನಾಚಾರಿ ಕಾಲದಲ್ಲೂ ಇದೇ ಆಯಿತು, ನಾಳೆ ಇನ್ನೊಬ್ಬರು ಬಂದರೂ ಇದೇ ಆಗುತ್ತದೆ. ಆಳುವ ಪಕ್ಷದ ಟಿಕೆಟಿನಲ್ಲಿ ಗೆದ್ದವರಿಗೆ ಆಳುವ ಪಕ್ಷಕ್ಕೆ ಬಂದವರ ನ್ಯಾಯ ಹೇಳಲು ಕೊಟ್ಟದ್ದೇ ತಪ್ಪು. ಈ ಕೆಲಸ ಚುನಾವಣಾ ಆಯೋಗಕ್ಕೆ ಹೋಗಬೇಕು.

ಎರಡೂ ಪಕ್ಷಗಳಿಗೆ ಇದು ಗೊತ್ತಿಲ್ಲವೆಂದಲ್ಲ. 2024ರ ಲೋಕಸಭಾ ಚುನಾವಣೆಯ ಪ್ರಣಾಳಿಕೆಯಲ್ಲಿ ಕಾಂಗ್ರೆಸ್ಸು, ತಾವು ಗೆದ್ದ ಪಕ್ಷವನ್ನು ಬಿಟ್ಟವರ ಸದಸ್ಯತ್ವ ತಾನಾಗಿಯೇ ಹೋಗುವಂತೆ ಹತ್ತನೇ ಅನುಸೂಚಿಗೆ ತಿದ್ದುಪಡಿ ತರುತ್ತೇವೆ ಎಂದು ಬರೆಯಿತು. ಅದೇ ಚುನಾವಣೆಯಲ್ಲಿ ಬಿಆರ್‌ಎಸ್ ಶಾಸಕರಾಗಿದ್ದ ದಾನಂ ನಾಗೇಂದರ್ ಅವರನ್ನು ರಾಜೀನಾಮೆ ಇಲ್ಲದೆಯೇ ಸಿಕಂದರಾಬಾದಿನಿಂದ ತನ್ನ ಗುರುತಿನ ಮೇಲೆ ನಿಲ್ಲಿಸಿತು. ಇಂದು ನ್ಯಾಯಕ್ಕಾಗಿ ಅಲೆಯುತ್ತಿರುವ ಬಿಆರ್‌ಎಸ್ಸು, 2014ರ ಡಿಸೆಂಬರ್‌ನಲ್ಲಿ ತೆಲುಗುದೇಶಂನಿಂದ ಗೆದ್ದ ತಲಸಾನಿ ಶ್ರೀನಿವಾಸ್ ಯಾದವ್ ಅವರನ್ನು ಮಂತ್ರಿಯನ್ನೇ ಮಾಡಿತ್ತು. ಇಬ್ಬರಲ್ಲಿ ಯಾರ ಮಾತನ್ನೂ ನಂಬಿ ನಾನು ಇದನ್ನು ಬರೆಯುತ್ತಿಲ್ಲ.

ಒಂದು ಆಕ್ಷೇಪಕ್ಕೆ ಮಾತ್ರ ತಲೆಬಾಗಿ ಉತ್ತರ ಹೇಳಬೇಕು. ಶಾಸಕ ಪಕ್ಷದ ಜೀತದಾಳಲ್ಲ, ಅವನಿಗೂ ಆತ್ಮಸಾಕ್ಷಿ ಇದೆ ಎನ್ನುವವರು ಇದ್ದಾರೆ. ಒಪ್ಪುತ್ತೇನೆ. ಪಕ್ಷದಲ್ಲಿದ್ದುಕೊಂಡೇ ತಪ್ಪು ಮಸೂದೆಯ ವಿರುದ್ಧ ಕೈಯೆತ್ತುವ ಸ್ವಾತಂತ್ರ್ಯ ಅವನಿಗೆ ಬೇಕು. ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ, ಪಕ್ಷ ಬಿಟ್ಟವರಿಗೆ ಮತ್ತು ವಿಶ್ವಾಸಮತದಂಥ ಸಂದರ್ಭಗಳಿಗೆ ಮಾತ್ರ ಅನರ್ಹತೆ ಇರಲಿ ಎಂದಿತ್ತು. ವಿಪ್ಪು ಸಡಿಲವಾಗಲಿ. ಆದರೆ ಆತ್ಮಸಾಕ್ಷಿ ಎದ್ದವರು ಮೊದಲು ಮಾಡುವ ಕೆಲಸ ರಾಜೀನಾಮೆ. ನಮ್ಮ ಮೂರು ಊರುಗಳಲ್ಲಿ ಎದ್ದ ಆತ್ಮಸಾಕ್ಷಿ ಪ್ರತಿ ಸಲವೂ ಅಧಿಕಾರ ಇದ್ದ ಕಡೆಗೇ ಹೋಗಿದೆ. ಆಳುವ ಪಕ್ಷದಿಂದ ಎದ್ದು ವಿರೋಧದ ಸಾಲಿಗೆ ಬಂದು ಕೂತದ್ದನ್ನು ನಾನು ಕಂಡಿಲ್ಲ.

ಕನ್ನಡ ನಾಡಿನಲ್ಲಿ ದಾರಿ ತೋರಿದವರಿದ್ದಾರೆ. ಬಂಗಾರಪ್ಪನವರು 2004ರಲ್ಲಿ ಬಿಜೆಪಿಯಿಂದ ಶಿವಮೊಗ್ಗ ಲೋಕಸಭೆ ಗೆದ್ದರು, ಪಕ್ಷ ಬಿಟ್ಟಾಗ ಸ್ಥಾನವನ್ನೂ ಬಿಟ್ಟರು, 2005ರಲ್ಲಿ ಸಮಾಜವಾದಿ ಪಕ್ಷದಿಂದ ನಿಂತು ಮತ್ತೆ ಗೆದ್ದರು. ಸಿದ್ದರಾಮಯ್ಯನವರು ಜೆಡಿಎಸ್ ತೊರೆದು ಕಾಂಗ್ರೆಸ್ ಸೇರಿದಾಗ ಚಾಮುಂಡೇಶ್ವರಿಗೆ ರಾಜೀನಾಮೆ ಕೊಟ್ಟು 2006ರ ಡಿಸೆಂಬರ್‌ನಲ್ಲಿ ಉಪಚುನಾವಣೆ ಎದುರಿಸಿದರು. ಗೆದ್ದದ್ದು ಬರೀ 257 ಮತಗಳಿಂದ. ಸೋತಿದ್ದರೆ ಅವರ ಕಥೆ ಅಲ್ಲಿಗೆ ಮುಗಿಯುತ್ತಿತ್ತೇನೋ. ಆ ಅಪಾಯಕ್ಕೆ ತಲೆ ಕೊಟ್ಟದ್ದರಿಂದಲೇ ಅವರ ಪಕ್ಷಾಂತರವನ್ನು ಇಂದು ಯಾರೂ ಆಡಿಕೊಳ್ಳುವುದಿಲ್ಲ.

ಅದೇ ಕರ್ನಾಟಕವನ್ನು ನನ್ನ ಎದುರಿಗೂ ಇಡುತ್ತಾರೆ. 2019ರಲ್ಲಿ 17 ಶಾಸಕರು ಅನರ್ಹರಾದರು, ಡಿಸೆಂಬರ್ 5ರಂದು 15 ಕ್ಷೇತ್ರಗಳಲ್ಲಿ ಉಪಚುನಾವಣೆ ನಡೆಯಿತು, ಬಿಜೆಪಿ 12 ಗೆದ್ದಿತು, ಹಾಗೆ ಗೆದ್ದವರಲ್ಲಿ ಹತ್ತು ಮಂದಿ ಮಂತ್ರಿಗಳಾದರು. ಮರುಚುನಾವಣೆಯಿಂದ ಆದದ್ದೇನು ಎಂದು. ಜನರನ್ನು ಕೇಳಿದರು, ಜನ ಉತ್ತರ ಹೇಳಿದರು, ಅದೇ ಆದದ್ದು. ಹೊಸಕೋಟೆಯ ಜನ ಎಂ.ಟಿ.ಬಿ. ನಾಗರಾಜ್ ಅವರನ್ನು, ಹುಣಸೂರಿನ ಜನ ಎಚ್. ವಿಶ್ವನಾಥ್ ಅವರನ್ನು ಬೇಡ ಎಂದರು. ಬೇಡ ಎನ್ನುವ ಆ ಅವಕಾಶ ಗದ್ವಾಲಕ್ಕೆ ಸಿಕ್ಕಿಲ್ಲ. ಹೊಸಕೋಟೆಯಲ್ಲಿ ಸೋತವರು ಮುಂದೆ ಪರಿಷತ್ತಿನ ಮೂಲಕ ಮಂತ್ರಿಯಾದದ್ದು ಅನ್ಯಾಯವೇ. ಜನ ತಿರಸ್ಕರಿಸಿದವರಿಗೆ ಆ ಸಭೆಯ ಅವಧಿ ಮುಗಿಯುವವರೆಗೆ ಹಿತ್ತಿಲ ಬಾಗಿಲೂ ಮುಚ್ಚಿರಬೇಕು. ರಾಜೀನಾಮೆ ಕೊಟ್ಟು ನಿಂತವರಿಗೂ ಗೆಲ್ಲುವ ಮುಂಚೆ ಮಂತ್ರಿಗಿರಿ, ನಿಗಮ, ಮಂಡಳಿ ಯಾವುದೂ ಸಿಗಬಾರದು.

ಇನ್ನು ಖರ್ಚು. ಹುಜೂರಾಬಾದ್, ಮುನುಗೋಡು ಉಪಚುನಾವಣೆಗಳಲ್ಲಿ ಹಣ ಹೊಳೆಯಾಗಿ ಹರಿದದ್ದು ಎಲ್ಲರಿಗೂ ಗೊತ್ತು. ಅಭ್ಯರ್ಥಿಯೊಬ್ಬ 40 ಲಕ್ಷ ರೂಪಾಯಿಗಿಂತ ಹೆಚ್ಚು ಖರ್ಚು ಮಾಡಬಾರದೆಂಬ ನಿಯಮ ಕಾಗದದಲ್ಲಿದೆ. ಹಣ ಹಂಚುವವರನ್ನು ಹಿಡಿಯಬೇಕೆಂಬುದಕ್ಕೆ ಅದು ಕಾರಣ, ಜನರನ್ನು ಕೇಳಬಾರದೆಂಬುದಕ್ಕೆ ಅಲ್ಲ. ಮುನುಗೋಡಿನ ಇನ್ನೊಂದು ಮುಖವನ್ನು ಮರೆಯುತ್ತೇವೆ. ಕೋಮಟಿರೆಡ್ಡಿ ರಾಜಗೋಪಾಲ್ ರೆಡ್ಡಿಯವರು 2022ರಲ್ಲಿ ಕಾಂಗ್ರೆಸ್ಸಿಗೂ ಶಾಸಕ ಸ್ಥಾನಕ್ಕೂ ಒಟ್ಟಿಗೆ ರಾಜೀನಾಮೆ ಕೊಟ್ಟು ಬಿಜೆಪಿಯಿಂದ ನಿಂತರು, ಸೋತರು. ಮತ್ತೆ ಕಾಂಗ್ರೆಸ್ಸಿಗೆ ಬಂದು 2023ರಲ್ಲಿ ಅಲ್ಲೇ ಗೆದ್ದರು. ಎರಡು ಸಲ ಪಕ್ಷ ಬದಲಿಸಿದರೂ ಎರಡು ಸಲವೂ ಮತದಾರರ ಮುಂದೆ ನಿಂತು ಉತ್ತರ ಕೇಳಿಸಿಕೊಂಡರು. ಸ್ಥಾನ ಖಾಲಿಯಾದರೆ ಆರು ತಿಂಗಳೊಳಗೆ ಚುನಾವಣೆ ಎಂದು ಕಾಯ್ದೆ ಈಗಲೇ ಹೇಳುತ್ತದೆ, ಆ ಖರ್ಚನ್ನು ಪಕ್ಷ ಬದಲಿಸಿದವರನ್ನು ಸೇರಿಸಿಕೊಂಡ ಪಕ್ಷದಿಂದಲೇ ವಸೂಲು ಮಾಡಲಿ.

ಕೃಷ್ಣಾ ಮಂಡಲದ ಕನ್ನಡದವರಿಗೆ ಇದು ಇನ್ನೂ ಹತ್ತಿರದ ಸಂಗತಿ. ಮಕ್ತಲ್ ಕ್ಷೇತ್ರದಲ್ಲಿ ನಾವು ಒಂದು ಹಿಡಿ. ಕನ್ನಡ ಶಾಲೆಯ ಮಾಸ್ತರರ ಮಾತನ್ನು, ಕನ್ನಡದಲ್ಲಿ ಓದಿದ ಹುಡುಗರ ನೌಕರಿಯ ಮಾತನ್ನು ದೊಡ್ಡವರು ನಿಂತು ಕೇಳುವುದು ಐದು ವರ್ಷಕ್ಕೊಮ್ಮೆ, ಓಟಿನ ಮುಂಚಿನ ಹದಿನೈದು ದಿನ. ಎಣಿಕೆಯಲ್ಲಿ ಕಡಿಮೆ ಇರುವವರಿಗೆ ಓಟು ಬಿಟ್ಟು ಬೇರೆ ಕೈ ಇಲ್ಲ. ಅದನ್ನು ನಡುದಾರಿಯಲ್ಲಿ ಇನ್ನೊಬ್ಬರಿಗೆ ದಾಟಿಸಿದರೆ ದೊಡ್ಡ ಜಾತಿ, ದೊಡ್ಡ ಊರು ಹೇಗೋ ಸುಧಾರಿಸಿಕೊಳ್ಳುತ್ತವೆ. ನಮ್ಮಂಥವರು ಯಾರ ಬಾಗಿಲಿಗೆ ಹೋಗಬೇಕು?

ಜನರಿಗೆ ಚುನಾವಣೆ ಸಾಕಾಗಿದೆ ಎನ್ನುತ್ತಾರೆ. ಆ ದಿನ ಬೀಗರ ತಾಯಿ ಕೊಟ್ಟಿಗೆಯ ಮುಂದೆ ಕುಳಿತು ನಮ್ಮ ಮಾತೆಲ್ಲ ಕೇಳಿಸಿಕೊಂಡಿದ್ದರು. ಎಪ್ಪತ್ತು ದಾಟಿದವರು, ಮೊಣಕಾಲು ನೋವು. 2023ರ ನವೆಂಬರ್ 30ರಂದು ಮೊಮ್ಮಗನ ಹೆಗಲು ಹಿಡಿದು ಹೋಗಿ ಓಟು ಹಾಕಿ ಬಂದಿದ್ದರು. "ನಾ ಕಾರಿಗಿ ಒತ್ತೀನಿ, ಪೀಂ ಅಂತ ಸಪ್ಪಳಾನೂ ಆತು. ಅದು ಕೈಗಿ ಹೆಂಗ ಹೋತು?" ಎಂದು ಮಗನನ್ನು ಕೇಳಿದರು. ಬೀಗರು ಮಾತಾಡಲಿಲ್ಲ. ಮತ್ತೊಮ್ಮೆ ಚುನಾವಣೆ ಇಟ್ಟರೆ ಹೋಗುತ್ತೀರಾ ಎಂದು ನಾನು ಕೇಳಿದೆ.

"ಕರದ್ರ ಹೋಗ್ತೀನಪ್ಪ. ಸಾಲಿ ಏನ್ ದೂರ ಇಲ್ಲ."